ರೊಟ್ಟಿ ಕೈಯ ಡಬಲ್ ಕ್ಲಿಕ್

ನಮ್ಮ ಹೆಡ್ ಕ್ಲರ್ಕ್ ಸಾಹೇಬರ ಮೇಜಿನ ಮೇಲೆ ಒಂದು ಗಂಟೆ ಇತ್ತು. ತಲೆಯ ಮೇಲಿನ ಗುಂಡಿ ಒತ್ತಿದರೆ ಟಣ್ ಎನ್ನುವಂಥದು. ಒಂದು ಸಲ ಟಣ್ ಎಂದರೆ ನನ್ನ ಜೊತೆಯ ಸಿಪಾಯಿ ಎದ್ದು ಒಳಗೆ ಹೋಗಬೇಕು. ಟಣ್ ಟಣ್ ಎಂದು ಎರಡು ಸಲ ಆದರೆ ನಾನು. ಸಾಹೇಬರು ಬಾಯಿ ತೆರೆದು ನನ್ನನ್ನು ಕರೆದದ್ದು ನೆನಪಿಲ್ಲ. ಬಸವಕಲ್ಯಾಣದ ಆ ಕಚೇರಿಗೆ ನಾನು ಸಿಪಾಯಿಯಾಗಿ ಸೇರಿದಾಗ ನನ್ನ ಮಗಳು ತೊಟ್ಟಿಲಲ್ಲಿದ್ದಳು. ನಾನೀಗ ಹೇಳುತ್ತಿರುವ ಸಂಗತಿ ನಡೆದಾಗ ಅವಳು ಬೀದರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅಷ್ಟೂ ವರ್ಷ ನಾನು ಪಡಸಾಲೆಯಲ್ಲಿ ಬೆನ್ನಿಲ್ಲದ ಒಂದು ಸ್ಟೂಲಿನ ಮೇಲೆ, ಕಿವಿಯನ್ನು ಮಾತ್ರ ಒಳಗೆ ಬಿಟ್ಟು, ಕುಳಿತಿದ್ದೆ.

ಹೀಗಿರುವಾಗ ಕಿಟಕಿಯ ಪಕ್ಕದ ಗುಮಾಸ್ತರು ನಿವೃತ್ತರಾದರು. ಅವರಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಎಲ್ಲರೂ ಅವರ ಸ್ವಭಾವದ ಬಗ್ಗೆ ಸುಳ್ಳು ಹೇಳಿದರು. ನಾನು ಮಾತ್ರ ಅವರ ಕುರ್ಚಿಯನ್ನೇ ನೋಡುತ್ತಿದ್ದೆ. ಕೈ ಇಡಲು ಎರಡು ಹಿಡಿಗಳು, ಒರಗಲು ಬೆನ್ನು, ಕೂತಲ್ಲಿಗೇ ಗಾಳಿ. ಇಷ್ಟು ವರ್ಷ ಪ್ರತಿದಿನ ಬೆಳಿಗ್ಗೆ ಆ ಕುರ್ಚಿಯನ್ನು ಒರೆಸಿದವಳು ನಾನು. ಒರೆಸಿದ ಮೇಲೆ ಒಂದು ದಿನವೂ ಕೂತು ನೋಡಿರಲಿಲ್ಲ. ಸೇವೆಯ ಲೆಕ್ಕದಲ್ಲಿ ಬಡ್ತಿ ನನಗೇ ಬರಬೇಕಿತ್ತು, ಪಿಯುಸಿ ಪಾಸಾಗಿದ್ದೆ, ಅಕ್ಷರವೂ ದುಂಡಗಿತ್ತು. ಉಳಿದದ್ದು ಒಂದೇ: ಸರ್ಕಾರದ ಕಂಪ್ಯೂಟರ್ ಪರೀಕ್ಷೆ ಪಾಸು ಮಾಡಬೇಕು. ಎರಡು ಅವಕಾಶ. ಎರಡರಲ್ಲೂ ನಪಾಸಾದರೆ ಕುರ್ಚಿ ನನ್ನ ನಂತರದವರಿಗೆ, ಅಂದರೆ ಒಂದು ಟಣ್‌ನ ಸಿಪಾಯಿಗೆ. ಅವನು ನನಗಿಂತ ಚಿಕ್ಕವನು, ಆ ಪರೀಕ್ಷೆಯನ್ನು ಆಗಲೇ ಮುಗಿಸಿ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಕೆಯನ್ನೂ ಹಾಕಿಸಿಟ್ಟಿದ್ದ. ಒಳ್ಳೆಯವನು. ಅವನ ಒಳ್ಳೆಯತನವೇ ನನಗೆ ತಡೆಯಲಾಗುತ್ತಿರಲಿಲ್ಲ.

ಮೊದಲ ಸಲ ಹುಮನಾಬಾದಿನ ಪರೀಕ್ಷಾ ಕೇಂದ್ರಕ್ಕೆ ಹೋದಾಗ ನನಗೆ ಧೈರ್ಯ ಬೇಕಾದಷ್ಟಿತ್ತು. ಟೈಪ್ ಮಾಡುವುದನ್ನು ಕಲಿತಿದ್ದೆ. ಮೌಸ್ ಹಿಡಿಯುವುದು ಏನು ಮಹಾ ಅಂದುಕೊಂಡಿದ್ದೆ. ಪರದೆಯ ಮೇಲೆ ಒಂದು ಹಳದಿ ಫೋಲ್ಡರ್ ಇರುತ್ತದೆ, ಅದರ ಮೇಲೆ ಬಾಣ ಇಟ್ಟು ಮೌಸಿನ ಎಡ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಬೇಕು, ಅದು ತೆರೆಯುತ್ತದೆ, ಒಳಗಿನ ಪತ್ರವನ್ನು ತೆಗೆದು ಟೈಪ್ ಮಾಡಬೇಕು. ನಾನು ಒತ್ತಿದೆ. ಫೋಲ್ಡರ್ ತೆರೆಯಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಕೂತಿತು. ಮತ್ತೆ ಒತ್ತಿದೆ, ಇನ್ನಷ್ಟು ಸರಿಯಿತು. ನಾನು ಬೆನ್ನಟ್ಟಿದೆ, ಅದು ಓಡಿತು. ಕೊನೆಗೆ ಅದು ಪಕ್ಕದ ಇನ್ನೊಂದು ಫೋಲ್ಡರಿನೊಳಗೆ ಹೊಕ್ಕು ಮಾಯವಾಯಿತು. ಮೇಲ್ವಿಚಾರಕರನ್ನು ಕರೆದು "ಸರ್, ನಂದು ಫೋಲ್ಡರ್ ಎಲ್ಲೋ ಹೋಯ್ತ್ರಿ" ಅಂದೆ. ಅವರು "ಎಲ್ಲಿ ಕಳಿಸಿದ್ರಿ?" ಅಂದರು. ಕುರಿ ಕಳೆದುಕೊಂಡವಳ ಹಾಗೆ ಪರದೆಯನ್ನೆಲ್ಲ ಹುಡುಕುತ್ತ ಕೂತೆ. ಸಮಯ ಮುಗಿಯಿತು.

ಮರುದಿನ ಕಚೇರಿಯಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಹೆಡ್ ಕ್ಲರ್ಕ್ ಸಾಹೇಬರು ಟಣ್ ಟಣ್ ಅನ್ನಿಸಿ ಒಳಗೆ ಕರೆದರು. ನಮ್ಮ ಕಡೆ ಹೆಂಗಸರನ್ನು ಬಾಯಿ ಎಂದು ಕರೆಯುತ್ತಾರೆ.

"ಬಾಯಿ, ಎರಡು ಸಲ ಒತ್ತಾದು ಬರಂಗಿಲ್ಲೇನು ನಿನಗ? ನೋಡಿಲ್ಲಿ," ಎಂದು ಗಂಟೆಯನ್ನೇ ಇನ್ನೊಮ್ಮೆ ಟಣ್ ಟಣ್ ಅನ್ನಿಸಿ ತೋರಿಸಿದರು. "ಇಷ್ಟಾ. ಇದರಾಗೇನದ?"

ಅವರ ಕೈ ನಿಜವಾಗಿ ಚುರುಕಾಗಿತ್ತು. ಅಷ್ಟು ವರ್ಷ ನನ್ನ ಮೇಲೇ ಅಭ್ಯಾಸ ಮಾಡಿದ್ದರಲ್ಲ! ಹೊರಗೆ ಬಂದರೆ ಜೊತೆಯ ಸಿಪಾಯಿ ಮೆಲ್ಲಗೆ, "ಅಕ್ಕೋರ, ಬೆರಳು ಹ್ಯಾಂಗದರಿ ಈಗ?" ಅಂದ. ಬೆರಳಿಗೆ ಜ್ವರ ಬಂದವರ ಹಾಗೆ ಕೇಳಿದ. ಆಮೇಲೆ ದಿನಾ ಕೇಳತೊಡಗಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ನುಂಗಿಕೊಂಡೆ.

ಬಸ್‌ಸ್ಟ್ಯಾಂಡಿನ ಹತ್ತಿರ ಮೇಲಂತಸ್ತಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸು. ನಡೆಸುವವಳು ಹುಲಸೂರಿನ ಕಡೆಯ ಹೆಣ್ಣುಮಗಳು, ನನಗಿಂತ ಬಹಳ ಚಿಕ್ಕವಳಾದರೂ ನಾನು ಮೇಡಂ ಎನ್ನಬೇಕು, ಅವಳು ನನ್ನನ್ನು ಅಕ್ಕಾ ಅನ್ನಬೇಕು. ಕಚೇರಿ ಬಿಟ್ಟ ಮೇಲೆ ಅಲ್ಲಿಗೆ ಹೋಗತೊಡಗಿದೆ. ಮೇಡಂ ಮೊದಲ ದಿನವೇ ರೋಗ ಗುರುತಿಸಿದಳು.

"ಅಕ್ಕಾ, ನಿಮ್ಮ ಸ್ಪೀಡ್ ಕಮ್ಮಿ ಅದ. ಒಂದು ಒತ್ತಿ ಇನ್ನೊಂದು ಒತ್ತೂದ್ರಾಗ ಕಂಪ್ಯೂಟರ್ ಮರತ್ ಬಿಡತದ. ಟಕ್ ಟಕ್ ಅನ್ಬೇಕು, ಜಲ್ದಿ."

ಅವಳು ಕಂಪ್ಯೂಟರಿನ ಹೊಟ್ಟೆಯೊಳಗೆ ಎಲ್ಲಿಯೋ ಹೋಗಿ ಡಬಲ್ ಕ್ಲಿಕ್ಕಿನ ವೇಗದ ಪಟ್ಟಿಯನ್ನು ತೀರಾ ನಿಧಾನಕ್ಕೆ ಎಳೆದಿಟ್ಟಳು. ಮುದುಕರಿಗೆ ಹೀಗೆ ಇಡುತ್ತಾರಂತೆ. ಮುದುಕಿ ಎಂದದ್ದನ್ನೂ ನುಂಗಿಕೊಂಡೆ. ಆದರೆ ಫೋಲ್ಡರ್ ಮತ್ತೂ ತೆರೆಯಲಿಲ್ಲ. ಪಕ್ಕಕ್ಕೆ ಸರಿಯಿತು, ಇನ್ನೊಂದರೊಳಗೆ ಹೊಕ್ಕಿತು. ಒಂದು ದಿನ ಮೇಡಂಳ ಮದುವೆ ಫೋಟೋಗಳಿದ್ದ ಫೋಲ್ಡರನ್ನು ನಾನು ಪರದೆಯ ಮೂಲೆಯ ಕಸದ ಬುಟ್ಟಿಗೆ ಹಾಕಿಬಿಟ್ಟೆ. ಮೇಡಂ ಅದನ್ನು ಹುಡುಕಿ ತೆಗೆದು, ಒಂದೊಂದೇ ಫೋಟೋ ತೆರೆದು ಎಣಿಸಿದಳು. "ಬೇಕಂತ ಮಾಡಿಲ್ಲವ್ವಾ" ಅಂದೆ. "ನಮ್ಮ ಅತ್ತೀನೂ ಹಿಂಗ ಅಂತಾಳ್ರಿ" ಅಂದಳು.

ಮನೆ ಮಂಠಾಳದಲ್ಲಿ. ನನ್ನ ಗಂಡ ಮಂಠಾಳದಿಂದ ಬಸವಕಲ್ಯಾಣಕ್ಕೆ ಸವಾರಿ ಹೊಡೆಯುವ ಆಟೋದವರು. ಮೌಸ್ ಎನ್ನುವುದನ್ನು ಮುಟ್ಟಿ ಗೊತ್ತಿಲ್ಲದಿದ್ದರೂ ಅದರ ವಿಷಯದಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

"ಪಿಕಪ್ ಇಲ್ಲ ನಿನ್ನ ಬೆರಳಿಗಿ," ಅಂದರು. "ಮೊದಲನೇದು ಒತ್ತೀದಿ, ಎರಡನೇದಕ್ಕ ಇಚಾರ ಮಾಡ್ಕೋಂತ ಕುಂಡರ್ತಿ. ಘಾಟಿನಾಗ ಗೇರ್ ಹಾಕೋ ಮುಂದ ಇಚಾರ ಮಾಡಿದ್ರ ಗಾಡಿ ಹಿಂದಕ್ಕ ಹೋಗ್ತದ."

"ಹಂಗಾದ್ರ ನೀವಽ ಬಂದು ಪರೀಕ್ಷಾ ಬರೀರಿ," ಅಂದೆ.

ಅವರು ಬರೆಯಲಿಲ್ಲ, ಬದಲಿಗೆ ಎಲ್ಲಿಂದಲೋ ಕೆಟ್ಟುಹೋದ ಒಂದು ಮೌಸ್ ತಂದರು. ಕಂಪ್ಯೂಟರ್ ಇಲ್ಲ, ಬರೀ ಮೌಸ್, ತುಂಡಾದ ಬಾಲದ ಸಮೇತ. ಗುಂಡಿ ಮಾತ್ರ ಟಕ್ ಟಕ್ ಅನ್ನುತ್ತಿತ್ತು. ಅಡುಗೆಮನೆಯಲ್ಲಿ ನುಣ್ಣಗಿರುವ ಜಾಗ ಎಂದರೆ ಪರಾತ, ಅಂದರೆ ರೊಟ್ಟಿ ಬಡಿಯುವ ಅಗಲ ತಟ್ಟೆ, ಒಂದೇ. ಅದನ್ನು ಬೋರಲು ಹಾಕಿ ಅದರ ಮೇಲೆ ಮೌಸ್ ಇಟ್ಟು ನಾನು ಒತ್ತುವುದು, ಅವರು ಮೊಬೈಲಿನಲ್ಲಿ ಸೆಕೆಂಡಿನ ಗಡಿಯಾರ ಹಿಡಿದು ಅಳೆಯುವುದು. ನಾನು ಟಕ್ ಟಕ್ ಎಂದು ಮುಗಿಸಿ ಕೂತ ಮೇಲೆ ಅವರ ಹೆಬ್ಬೆರಳು ಗಡಿಯಾರ ನಿಲ್ಲಿಸುತ್ತಿತ್ತು. ಪ್ರತಿ ಸಲವೂ ಸೆಕೆಂಡಿಗಿಂತ ಮೇಲೆಯೇ. ಅವರು ಬೇಸರದಿಂದ ತಲೆ ಅಲ್ಲಾಡಿಸುವರು. ಕೆಲವು ದಿನ ನಾನೂ ಕುಗ್ಗಿಹೋಗಿದ್ದೆ. ಆಮೇಲೆ ಒಂದು ದಿನ ತಲೆಗೆ ಹೊಳೆಯಿತು, ಅವರು ಅಳೆಯುತ್ತಿದ್ದದ್ದು ನನ್ನ ಬೆರಳನ್ನಲ್ಲ, ತಮ್ಮ ಹೆಬ್ಬೆರಳನ್ನು! ಹೇಳಿದೆ. ಅವರು ಒಪ್ಪಲಿಲ್ಲ. ಮೊಬೈಲು ಹಳೆಯದು ಅಂದರು.

ಸರಿಯಾದ ಅಳತೆ ಕ್ಲಾಸಿನಲ್ಲೇ ಆಯಿತು. ಮೇಡಂ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಹುಡುಕಿ ತೆಗೆದಳು. ಪರದೆಯ ತುಂಬ ಒಂದು ದೊಡ್ಡ ನೀಲಿ ಚೌಕ. ಅದರಲ್ಲಿ ಎಲ್ಲಿ ಬೇಕಾದರೂ ಎರಡು ಸಲ ಒತ್ತಿ, ನಡುವೆ ಎಷ್ಟು ಹೊತ್ತಾಯಿತು ಎಂದು ಅದೇ ಹೇಳುತ್ತದೆ. ಅಂಕಿ ಸಣ್ಣದಾದಷ್ಟೂ ಬೆರಳು ಚುರುಕು. ಮೇಡಂ ಮೊದಲು ತಾನು ಒತ್ತಿ ತೋರಿಸಿದಳು. ನಂತರ ನಾನು ಒತ್ತಿದೆ. ನನ್ನ ಅಂಕಿ ಅವಳದಕ್ಕಿಂತ ಸಣ್ಣದು ಬಂತು. ಅವಳು ಕಣ್ಣು ಕಿರಿದು ಮಾಡಿ "ಮತ್ತೊಮ್ಮಿ ಒತ್ತರಿ" ಅಂದಳು. ಮತ್ತೂ ಸಣ್ಣದು. ಕ್ಲಾಸಿನಲ್ಲಿದ್ದ ಕಾಲೇಜಿನ ಹೆಣ್ಣುಮಕ್ಕಳೆಲ್ಲ ಬಂದು ಒಬ್ಬೊಬ್ಬರಾಗಿ ಒತ್ತಿ ನೋಡಿದರು. ಯಾರಿಗೂ ನನ್ನನ್ನು ಹಿಂದೆ ಹಾಕಲಾಗಲಿಲ್ಲ.

ಆಗಬೇಕಾದದ್ದೇ. ಮದುವೆಯಾದಂದಿನಿಂದ ಬೆಳಗಾದರೆ ಜೋಳದ ರೊಟ್ಟಿ ಬಡಿಯುವ ಕೈ ಇದು. ನಾನು ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿಯವರು ಏಳುತ್ತಾರೆ. ಅಂಥ ಕೈಗೆ ಸ್ಪೀಡ್ ಇಲ್ಲ ಎಂದರೆ ಯಾರು ನಂಬಬೇಕು? ನಾನು ಎದೆ ಉಬ್ಬಿಸಿಕೊಂಡು, ಆ ಪುಟ ಮುಚ್ಚಿ, ಹಳದಿ ಫೋಲ್ಡರಿನ ಮೇಲೆ ಬಾಣ ಇಟ್ಟು ಟಕ್ ಟಕ್ ಎಂದು ಒತ್ತಿದೆ. ಅದು ಸರಕ್ಕನೆ ಸರಿದು ಕಸದ ಬುಟ್ಟಿಗೆ ಬಿತ್ತು. ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತಳು.

ವೇಗ ಇದೆ, ಕೆಲಸ ಆಗುವುದಿಲ್ಲ. ಈಗ ಯಾರ ಹತ್ತಿರವೂ ಔಷಧವಿರಲಿಲ್ಲ. ಎರಡನೆಯ ಪರೀಕ್ಷೆ ಹತ್ತಿರ ಬಂತು. ಕಚೇರಿಯಲ್ಲಿ ಜೊತೆಯ ಸಿಪಾಯಿ ಕಿಟಕಿಯ ಪಕ್ಕದ ಕುರ್ಚಿಯ ಅಲುಗುವ ಕಾಲಿಗೆ ತಾನಾಗಿಯೇ ಮೊಳೆ ಹೊಡೆದ. "ಯಾರರೆ ಕುಂಡರ್ಲಿ ಅಕ್ಕೋರ, ಬೀಳಬಾರ್ದಲ್ಲ" ಅಂದ. ಅವತ್ತು ನಾನು ಮನೆಯಲ್ಲಿ ಅಡುಗೆಗೆ ನೀರು ತುಂಬುವಾಗ ಅತ್ತುಬಿಟ್ಟೆ. ಕುರ್ಚಿ ಸಿಗದಿದ್ದರೆ ಸಾಯುವುದಿಲ್ಲ, ಗೊತ್ತು. ಆದರೆ ಇನ್ನೂ ಹತ್ತಾರು ವರ್ಷ ಅದೇ ಸ್ಟೂಲಿನ ಮೇಲೆ ಕೂತು, ಅವನು ಆ ಕುರ್ಚಿಯಲ್ಲಿ ಒರಗಿಕೊಂಡು ನನ್ನನ್ನೇ ನೀರು ಕೇಳುವುದನ್ನು ನೆನೆದರೆ ತುಂಬಿದ ಕೊಡವನ್ನು ಅಲ್ಲೇ ಕುಕ್ಕಿಬಿಡುವ ಹಾಗಾಗುತ್ತಿತ್ತು. ಅದೂ ಅವನು "ಅಕ್ಕೋರ, ತ್ರಾಸ ಇಲ್ಲಂದ್ರ" ಎಂದು ಬಹಳ ವಿನಯದಿಂದ ಕೇಳುತ್ತಾನೆ. ಅದೇ ಹೆಚ್ಚು ಸಂಕಟ.

ಒಂದು ಭಾನುವಾರ ಬೆಳಿಗ್ಗೆ ಪರಾತ ಬೋರಲು ಹಾಕಿಕೊಂಡು ಮೌಸ್ ಒತ್ತುತ್ತಾ ಕೂತಿದ್ದೆ. ನನ್ನ ಅತ್ತೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದವರು ಒಳಗೆ ಬಂದರು. ಅವರಿಗೆ ನನ್ನ ಪರೀಕ್ಷೆಯ ಚಿಂತೆ ಇರಲಿಲ್ಲ, ಪರಾತದ ಚಿಂತೆ ಇತ್ತು. ಅದು ಅವರ ತವರಿನದು.

"ಪರಾತ ಕೆರ್ಯಾಕತ್ತೀದಿ ಅದರಲೆ! ಸುಮ್ನ ಒತ್ತಬೇಕಿಲ್ಲೋ? ಅದ್ಯಾಕ ಒತ್ತಿದ್ದಕ್ಕೊಮ್ಮಿ ತಿರಗಸಾಕತ್ತೀ? ಅದೇನು ರೊಟ್ಟಿ ಅದೇನು?"

ನಾನು ಬಾಯಿಗೆ ಬಂದದ್ದನ್ನು ಅನ್ನಬೇಕೆಂದು ತಲೆ ಎತ್ತಿದವಳು ಹಾಗೆಯೇ ಉಳಿದೆ. ಪರಾತವನ್ನು ನೋಡಿದೆ. ಅದರ ಬೆನ್ನಿನ ಮೇಲೆ ಅರ್ಧ ಚಂದ್ರನಂತೆ ದುಂಡಗೆ ಗೆರೆಗಳು ಬಿದ್ದಿದ್ದವು. ಇನ್ನೊಮ್ಮೆ ಒತ್ತಿದೆ, ಈ ಸಲ ಕೈಯನ್ನೇ ನೋಡುತ್ತ. ಟಕ್, ಕೈ ಬಲಕ್ಕೆ ಸ್ವಲ್ಪ ತಿರುಗಿತು. ಟಕ್, ಮತ್ತೆ ಸ್ವಲ್ಪ ತಿರುಗಿತು. ನಾನು ತಿರುಗಿಸಲಿಲ್ಲ, ಅದೇ ತಿರುಗಿತು.

ರೊಟ್ಟಿ ಬಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಬಡಿಯದವರಿಗೆ ಹೇಳುತ್ತೇನೆ. ಲಟ್ಟಣಿಗೆ ಹಿಡಿಯುವ ಕೆಲಸ ಇದಲ್ಲ. ಅಂಗೈಯಿಂದ ಬಡಿಯುತ್ತ ಬಡಿಯುತ್ತ ಒಂದೊಂದು ಬಡಿತಕ್ಕೂ ರೊಟ್ಟಿಯನ್ನು ಒಂದಿಷ್ಟು ತಿರುಗಿಸುತ್ತ ಹೋಗಬೇಕು. ಆಗಲೇ ಅದು ದುಂಡಗಾಗಿ, ತೆಳ್ಳಗಾಗಿ ಅಗಲವಾಗುವುದು. ತಿರುಗಿಸುವುದು ಮರೆತರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಹೊಸದಾಗಿ ಬಂದ ಸೊಸೆಗೆ, ಅಂದರೆ ನನಗೆ, ಇದನ್ನು ಕಲಿಸಿದವರು ಇದೇ ಅತ್ತೆ. ಪಕ್ಕದಲ್ಲಿ ಚಮಚ ಹಿಡಿದು ಕೂತು, ತಿರುಗಿಸಲು ಮರೆತರೆ ಮಣಿಕಟ್ಟಿನ ಮೇಲೆ ಒಂದು ಕೊಡುತ್ತಿದ್ದರು. "ಬಡದಂಗ ತಿರಗಬೇಕು, ತಿರಗಿದಂಗ ಬಡೀಬೇಕು" ಎಂದು ಹಾಡಿನಂತೆ ಹೇಳುವರು. ಆ ಚಮಚದ ಪಾಠ ನನ್ನ ಕೈಯೊಳಗೆ ಇಳಿದು ಕೂತುಬಿಟ್ಟಿತ್ತು. ಕೈಗೆ ಏನು ಗೊತ್ತು, ಇದು ಜೋಳದ ಹಿಟ್ಟಲ್ಲ, ಸರ್ಕಾರದ ಪರೀಕ್ಷೆ ಎಂದು? ನಾನು ಒತ್ತಿದೆ, ಅದು ತಿರುಗಿಸಿತು, ಬಾಣ ಸರಿಯಿತು, ಫೋಲ್ಡರ್ ಅದರ ಹಿಂದೆ ಹೋಯಿತು. ಆ ನೀಲಿ ಚೌಕ ಪರದೆಯ ತುಂಬ ಇದ್ದುದರಿಂದ ಎಷ್ಟು ತಿರುಗಿದರೂ ಅದಕ್ಕೆ ಗೊತ್ತಾಗಿರಲಿಲ್ಲ.

"ಅತ್ತೀ, ಇದೆಲ್ಲಾ ನಿಮ್ಮಿಂದಽ ಆಗ್ಯಾದ!" ಎಂದು ಕೂಗಿದೆ.

ಗಂಡ ಹೊರಗಿನಿಂದ ಓಡಿ ಬಂದರು. ಕತೆ ಕೇಳಿ ಅವರಿಗೆ ಆದ ಸಂತೋಷ ಹೇಳತೀರದು. ಮೊಬೈಲಿನ ಅಪಮಾನ ಮರೆತು, "ನಾ ಮೊದಲಽ ಹೇಳೀನಿ, ಪಿಕಪ್ ಭೇಷಿ ಅದ, ಸ್ಟೇರಿಂಗದಾಗ ಪ್ರಾಬ್ಲಂ ಅದ ಅಂತ," ಅಂದರು. ಅವರು ಹಾಗೆ ಎಂದೂ ಹೇಳಿರಲಿಲ್ಲ.

ಅತ್ತೆಗೆ ಮಾತ್ರ ತಮ್ಮ ಮೇಲೆ ಬಂದ ಆಪಾದನೆ ಸಹಿಸಲಾಗಲಿಲ್ಲ. "ಕುಣಿಲಾಕ ಬರದಾಕಿ ನೆಲ ಡೊಂಕ ಅಂದಳಂತ," ಎಂದು ನನ್ನ ಎದುರೇ ಕೂತರು. "ನಾ ಕಲಿಸಿದ್ದು ಅರ್ಧಾ ಮಾಡಿದ್ರ ಹಿಂಗಽ ಆಗ್ತದ. ಬಲಗೈ ಬಡೀತದ, ಖರೆ. ಎಡಗೈ ಎಲ್ಲದ? ಮಡಿಲಾಗ ಮಕ್ಕೊಂಡದ! ಅಂಚು ಯಾರು ಹಿಡೀಬೇಕು?"

ಅದೂ ನಿಜ. ರೊಟ್ಟಿಯ ಅಂಚು ಸೀಳದಂತೆ ಎಡಗೈ ಬೆರಳು ಪಕ್ಕದಲ್ಲಿ ಕಾಯುತ್ತಿರಬೇಕು. ತಿರುಗಬೇಕಾದಷ್ಟೇ ತಿರುಗಲು ಬಿಡುವುದೂ, ಸಾಕು ಎಂದಾಗ ನಿಲ್ಲಿಸುವುದೂ ಎಡಗೈಯೇ. ನಾನು ಎಡಗೈಯ ಎರಡು ಬೆರಳನ್ನು ಮೌಸಿನ ಅಂಚಿಗೆ ಒತ್ತಿ ಹಿಡಿದು, ಬಲಗೈಯ ತೋರುಬೆರಳಿನಿಂದ ಟಕ್ ಟಕ್ ಅನ್ನಿಸಿದೆ. ಮೌಸ್ ಕೂತಲ್ಲೇ ಕೂತಿತ್ತು. ಅತ್ತೆ ಪರಾತ ಎತ್ತಿಕೊಂಡು ಸೆರಗಿನಿಂದ ಒರೆಸುತ್ತಾ ಹೋದರು. ಗೆರೆಗಳು ಹೋಗಲಿಲ್ಲ, ಈಗಲೂ ಇವೆ, ಬಂದವರಿಗೆಲ್ಲ ತೋರಿಸುತ್ತಾರೆ.

ಸೋಮವಾರ ಕ್ಲಾಸಿನಲ್ಲಿ ಎರಡೂ ಕೈಯಿಂದ ಹಿಡಿದು ಒತ್ತಿದೆ. ಹಳದಿ ಫೋಲ್ಡರ್ ಬಾಗಿಲು ತೆರೆದಂತೆ ತೆರೆಯಿತು. ನನಗೆ ಅದನ್ನು ಮುಚ್ಚಿ ಮುಚ್ಚಿ ತೆರೆಯುವುದೇ ಆಟವಾಯಿತು. ಮೇಡಂ ಅಂದಳು, "ಅಕ್ಕಾ, ಹಿಂಗ ಹಿಡಿಯೋರನ್ನ ನಾ ಎಲ್ಲೂ ನೋಡಿಲ್ಲ, ಪರೀಕ್ಷಾದಾಗ ಬಿಡ್ತಾರೋ ಇಲ್ಲೋ." ನಾನು ಅಂದೆ, "ಕೈ ನನ್ನವ, ಅವ್ರದೇನು?"

ಪರೀಕ್ಷೆಯ ದಿನ ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. "ಇವತ್ತು ನೀ ರೊಟ್ಟಿ ಬಡಿಬ್ಯಾಡ. ಕೈಗಿ ಮತ್ತ ನೆನಪಾಗ್ತದ" ಎಂದು ತಾವೇ ಬಡಿದರು. ಎಷ್ಟೋ ವರ್ಷಗಳ ನಂತರ ಅವರ ಕೈಯ ರೊಟ್ಟಿ ತಿಂದೆ. ನನ್ನದಕ್ಕಿಂತ ದುಂಡಗಿತ್ತು. ಗಂಡ ಆ ದಿನ ಸವಾರಿ ಬಿಟ್ಟು ಬಂಗ್ಲಾ ಕ್ರಾಸಿನ ತನಕ ನನ್ನೊಬ್ಬಳನ್ನೇ ಕೂರಿಸಿಕೊಂಡು ಬಂದರು. ಅವರ ಆಟೋದಲ್ಲಿ ನಾನು ಅಷ್ಟು ಅಗಲವಾಗಿ ಕೂತದ್ದು ಅದೇ ಮೊದಲು. ಅಲ್ಲಿಂದ ಹುಮನಾಬಾದಿಗೆ ಬಸ್ಸು ಹತ್ತಿದೆ.

ಮೇಲ್ವಿಚಾರಕರು ಹಿಂದಿನ ಸಲದವರೇ. ನನ್ನ ಗುರುತು ಹಿಡಿದರು, "ಫೋಲ್ಡರ್ ಕಳಕೊಂಡೋರು ನೀವಽ ಅಲ್ರಿ?" ಅಂದರು. ನಾನು ಎರಡೂ ಕೈಯಿಂದ ಮೌಸ್ ಹಿಡಿದೆ. ಅವರು ಬಂದು ಹಿಂದೆ ನಿಂತರು.

"ಏನಿದು? ಒಂದು ಮೌಸಿಗಿ ಎರಡು ಕೈ?"

"ಹೌದ್ರಿ."

"ಹಿಂಗ ಹಿಡಿಯಾಂಗಿಲ್ರಿ."

"ಎಲ್ಲಿ ಬರದಾರ್ರಿ?"

ಅವರು ಗೋಡೆಗೆ ಅಂಟಿಸಿದ್ದ ಸೂಚನೆಗಳನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ಮೊಬೈಲ್ ತರಬಾರದು, ಮಾತಾಡಬಾರದು, ಪಕ್ಕದವರದು ನೋಡಬಾರದು. ಕೈ ಎಷ್ಟಿರಬೇಕು ಎಂದು ಎಲ್ಲಿಯೂ ಇರಲಿಲ್ಲ. ಅವರು ಆಚೆ ಹೋದರು. ನಾನು ಒತ್ತಿದೆ. ಫೋಲ್ಡರ್ ತೆರೆಯಿತು. ಒಳಗೆ ಪತ್ರ ಇತ್ತು. ಆಮೇಲೆ ಟೈಪ್ ಮಾಡುವುದು ನನಗೆ ಹೂವೆತ್ತಿದಷ್ಟು ಸಲೀಸು.

ಮುಗಿಸಿ ಏಳುವಾಗ ಮೇಲ್ವಿಚಾರಕರು ಹತ್ತಿರ ಬಂದು, ಈಗ ಸ್ವಲ್ಪ ಮೆತ್ತಗಾಗಿ, "ಅಲ್ರಿ ಬಾಯಿ, ಇಷ್ಟೆಲ್ಲಾ ತ್ರಾಸ ಯಾಕ? ಒಂದು ಸಲ ಒತ್ತಿ ಎಂಟರ್ ಹೊಡದ್ರೂ ತೆರೀತದಲ್ಲ?" ಅಂದರು.

ನಾನು ನಿಂತಲ್ಲೇ ನಿಂತೆ. ಎಂಟರ್ ಗುಂಡಿ ಎಲ್ಲಿದೆ ಎಂದು ನನಗೆ ಮೊದಲಿನಿಂದ ಗೊತ್ತಿತ್ತು, ಟೈಪ್ ಮಾಡುವಾಗ ದಿನಾ ಒತ್ತುತ್ತಿದ್ದೆ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಬಸ್ಸಿನಲ್ಲಿ ಬಂಗ್ಲಾ ತನಕ ಎಲ್ಲರನ್ನೂ ಮನಸ್ಸಿನಲ್ಲೇ ಬೈದೆ. ಮೇಡಂ, ಗಂಡ, ಹೆಡ್ ಕ್ಲರ್ಕ್, ಆ ಸಿಪಾಯಿ, ಬಸವಕಲ್ಯಾಣದಲ್ಲಿ ಒಬ್ಬರೂ ಹೇಳಲಿಲ್ಲವಲ್ಲ! ಮರುದಿನ ಮೇಡಂಗೆ ಕೇಳಿದರೆ, "ಅಯ್ಯೋ ಹೌದಲ್ರಿ ಅಕ್ಕಾ, ಹೊಳೀಲೇ ಇಲ್ಲ" ಅಂದು ನಗತೊಡಗಿದಳು. ನಾನೂ ನಕ್ಕೆ, ಆದರೆ ಸ್ವಲ್ಪ ಹೊತ್ತಾದ ಮೇಲೆ.

ಪಾಸಾದೆ. ಆದೇಶ ಬಂತು. ಕುರ್ಚಿಯಲ್ಲಿ ಕೂರುವ ದಿನ ಬೆಳಿಗ್ಗೆ ಅದನ್ನು ಒರೆಸಲು ಹೋದರೆ ಜೊತೆಯ ಸಿಪಾಯಿ ಆಗಲೇ ಒರೆಸಿಟ್ಟಿದ್ದ. "ಮೊಳಿ ಘಟ್ಟಿ ಅದರಿ ಅಕ್ಕೋರ, ಅರಾಮ ಕುಂಡರ್ರಿ" ಅಂದ. ಆ ಮೊಳೆಯ ದಿನ ಅವನ ಬಗ್ಗೆ ಏನೇನೋ ಅಂದುಕೊಂಡಿದ್ದೆ. ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡೆ.

ಆಮೇಲೆ ಅವನು ಟಪಾಲು ತೆಗೆದುಕೊಂಡು ಹುಲಸೂರಿಗೆ ಹೋದ. ನಾನು ಎಡಗೈಯಿಂದ ಮೌಸಿನ ಅಂಚು ಹಿಡಿದು, ಎಂಟರ್ ಗೊತ್ತಿದ್ದರೂ ಬೇಕೆಂದೇ ಟಕ್ ಟಕ್ ಎಂದು ಒಂದೊಂದು ಕಡತ ತೆರೆಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹೆಡ್ ಕ್ಲರ್ಕ್ ಸಾಹೇಬರ ಮೇಜಿನಿಂದ ಸಪ್ಪಳ ಬಂತು.

ಟಣ್ ಟಣ್.

ನನ್ನ ಮೊಣಕಾಲು ನನ್ನನ್ನು ಕೇಳಲಿಲ್ಲ, ಅರ್ಧ ಎದ್ದೇ ಬಿಟ್ಟಿದ್ದವು. ಕೈ ಮಾತ್ರ ಮೌಸ್ ಬಿಡಲಿಲ್ಲ. ಕೈ ಹಿಡಿದುಕೊಂಡದ್ದರಿಂದ ಮೊಣಕಾಲು ಮತ್ತೆ ಕೆಳಗೆ ಬಂದವು. ಕುರ್ಚಿಯ ಬೆನ್ನು ನನ್ನ ಬೆನ್ನಿಗೆ ತಾಕಿತು.

ಟಣ್ ಟಣ್.

"ಸಾಹೇಬ್ರ," ಅಂದೆ, "ನಂದು ಎರಡೂ ಕೈ ಕೆಲಸದಾಗ ಅವರಿ."

ಸಾಹೇಬರು ಗಂಟೆಯನ್ನು ನೋಡಿದರು, ನನ್ನನ್ನು ನೋಡಿದರು, ಪಡಸಾಲೆಯ ಖಾಲಿ ಸ್ಟೂಲನ್ನು ನೋಡಿದರು. ಅವರು ಒತ್ತಿದ್ದರಲ್ಲಿ ಏನೂ ತಪ್ಪಿರಲಿಲ್ಲ. ವೇಗವೂ ಇತ್ತು, ಕೈಯೂ ಅಲುಗಿರಲಿಲ್ಲ. ಕುರ್ಚಿ ಹಿಂದೆ ಸರಿಸಿ ಎದ್ದರು. ಮೂಲೆಯ ಕೊಡದ ತನಕ ತಾವೇ ನಡೆದು, ಲೋಟ ಎಲ್ಲಿದೆ ಎಂದು ಹುಡುಕಿ, ನೀರು ತುಂಬಿಕೊಂಡು ಕುಡಿದರು. ಹಿಂದಿರುಗುವಾಗ ನನ್ನ ಮೇಜಿನ ಹತ್ತಿರ ನಿಂತರು.

"ಬಾಯಿ, ನಿನಗ..." ಅಂದು ತಡೆದು, "ನಿಮಗೂ ತರ್ಲೇನ್ರಿ?" ಅಂದರು.

ನನಗೆ ನೀರಡಿಕೆ ಇರಲಿಲ್ಲ.

"ತರ್ರಿ," ಅಂದೆ. ತಂದರು. ಎಡಗೈ ಬಿಡಿಸಿ ಲೋಟ ತೆಗೆದುಕೊಂಡು, ಕುರ್ಚಿಗೆ ಒರಗಿ, ಪೂರ್ತಿ ಕುಡಿದೆ.